ಕೈಹೊಲಿಗೆಯೋ ಮಷೀನೋ: ಚಪ್ಪಲಿಗೊಂದು ಲೆಕ್ಕ, ಬ್ಯಾಗಿಗೊಂದು ಲೆಕ್ಕ

ಪ್ರಶ್ನೆ: ಸರ್, ನಮ್ಮದು ಅಥಣಿ ಹತ್ತಿರದ ಊರು. ಅಪ್ಪ, ಅವ್ವ ಇಬ್ಬರೂ ಕೊಲ್ಹಾಪುರಿ ಚಪ್ಪಲಿ ಮಾಡುತ್ತಾರೆ. ಅಟ್ಟೆ (ಚಪ್ಪಲಿಯ ಅಡಿಭಾಗ) ಕತ್ತರಿಸಿ ಕುಟ್ಟುವುದು ಅಪ್ಪ, ಹೊಲಿಯುವುದು, ವೇಣಿ (ಪಟ್ಟಿಯ ಮೇಲಿನ ಚರ್ಮದ ಜಡೆ) ಹೆಣೆಯುವುದು ಅವ್ವ. ಇಬ್ಬರೂ ದಿನಕ್ಕೆ ಎಂಟು ತಾಸು ಕೂತರೆ ಎರಡು ಜೋಡಿ ಆಗುತ್ತದೆ. ಒಂದು ಜೋಡಿ ಅಟ್ಟೆಗೆ ಚರ್ಮದ ಬಾರು ಹಾಕಿ ಹೊಲಿಯಲು ಅವ್ವನಿಗೆ ಒಂದೂವರೆ ತಾಸು ಬೇಕು. ಈಗ ಬೆಂಗಳೂರಿನ ಒಂದು ಅಂಗಡಿಯವರು ತಿಂಗಳಿಗೆ ಇನ್ನೂರು ಜೋಡಿ ಕೇಳುತ್ತಿದ್ದಾರೆ. ಜೊತೆಗೆ ಬೆಲ್ಟು, ಪರ್ಸು, ಬ್ಯಾಗೂ ಬೇಕಂತೆ. ಅಟ್ಟೆ ಹೊಲಿಯುವ ಮಷೀನು ಮಾರುವವರು ಬಂದು, ‘ಐದು ನಿಮಿಷಕ್ಕೆ ಒಂದು ಜೋಡಿ’ ಎಂದು ಹೇಳಿ ಹೋದರು. ಸಾಲ ಮಾಡಿ ತಗೊಳ್ಳೋಣ ಅಂದರೆ ಅಪ್ಪ, ‘ಮಷೀನ್ ಹೊಲಿಗಿ ಹಾಕಿದ್ರ ಅದು ನಮ್ಮ ಕಾಲ್ಮರಿ ಆಗೂದಿಲ್ಲ’ ಅನ್ನುತ್ತಾರೆ. ಆದರೆ ಹೋದ ಮಳೆಗಾಲದಲ್ಲಿ ಕೈಹೊಲಿಗೆಯ ಚಪ್ಪಲಿಗಳೇ ಹೊಲಿಗೆ ಬಿಟ್ಟು ವಾಪಸ್ ಬಂದವು. ಮಷೀನ್ ಹೊಲಿಗೆ ಹೆಚ್ಚು ಗಟ್ಟಿಯಾ? ಹಾಕಿದರೆ ಜಿಐ, ಅಂದರೆ ಭೌಗೋಳಿಕ ಗುರುತಿನ ಹೆಸರು ಹೋಗುತ್ತಾ? ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದೇ ಗಂಟಿನಲ್ಲಿವೆ. ಇನ್ನೂರು ಜೋಡಿ ಹೇಗೆ ಪೂರೈಸುವುದು ಅನ್ನುವುದು ಒಂದು. ಯಾವ ಹೊಲಿಗೆ ಬಾಳಿಕೆ ಬರುತ್ತದೆ ಅನ್ನುವುದು ಇನ್ನೊಂದು. ಮೂರನೆಯದು ಹೆಸರಿನ ಪ್ರಶ್ನೆ. ಮಷೀನು ಮಾರುವವರು ಮೂರಕ್ಕೂ ಒಂದೇ ಉತ್ತರ ಕೊಟ್ಟಿದ್ದಾರೆ, ಅದು ಅವರ ವ್ಯಾಪಾರ. ನಾವು ಗಂಟು ಬಿಚ್ಚಿ ಒಂದೊಂದಾಗಿ ನೋಡೋಣ. ಸಾಲದ ಮಾತು ಇರುವುದರಿಂದ ಮೊದಲು ಲೆಕ್ಕ.

ನೀವು ಕೊಟ್ಟ ಅಂಕಿಗಳನ್ನೇ ತಗೊಳ್ಳುತ್ತೇನೆ. ಇಬ್ಬರು, ಎಂಟೆಂಟು ತಾಸು. ದಿನಕ್ಕೆ 16 ತಾಸಿನ ದುಡಿಮೆ, ಎರಡು ಜೋಡಿ. ಅಂದರೆ ಒಂದು ಜೋಡಿಗೆ 8 ತಾಸು. ಅದರಲ್ಲಿ ಅಟ್ಟೆ ಹೊಲಿಗೆ ಒಂದೂವರೆ ತಾಸು. ಮಷೀನು ಬಂದು ಆ ಒಂದೂವರೆ ತಾಸನ್ನು ಪೂರ್ತಿ ಸೊನ್ನೆ ಮಾಡಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಒಂದು ಜೋಡಿಗೆ ಆರೂವರೆ ತಾಸು ಬೇಕೇ ಬೇಕು. 16 ತಾಸಿಗೆ ಎರಡೂವರೆ ಜೋಡಿಯೂ ಪೂರ್ತಿ ಆಗುವುದಿಲ್ಲ. ತಿಂಗಳಿಗೆ 25 ದಿನ ಕೆಲಸ ಅಂದರೆ ಈಗ 50 ಜೋಡಿ ಬರುತ್ತಿರುವುದು 60ರ ಆಸುಪಾಸಿಗೆ ಬರುತ್ತದೆ. ಇನ್ನೂರು ಎಲ್ಲಿ, ಅರವತ್ತು ಎಲ್ಲಿ?

‘ಐದು ನಿಮಿಷಕ್ಕೆ ಒಂದು ಜೋಡಿ’ ಎಂಬುದು ಸುಳ್ಳಲ್ಲ. ಆದರೆ ಅದು ಹೊಲಿಗೆಯ ಐದು ನಿಮಿಷ, ಚಪ್ಪಲಿಯ ಐದು ನಿಮಿಷ ಅಲ್ಲ. ಕತ್ತರಿಸುವುದು, ನೆನೆಸುವುದು, ಕುಟ್ಟುವುದು, ಪಟ್ಟಿ ಮಾಡುವುದು, ವೇಣಿ ಹೆಣೆಯುವುದು, ಉಂಗುಷ್ಟ (ಹೆಬ್ಬೆರಳು ತೂರಿಸುವ ಉಂಗುರ) ಕೂಡಿಸುವುದು, ಅಂಚು ಸವರುವುದು, ಎಣ್ಣೆ ಕೊಡುವುದು ಎಲ್ಲ ಇದ್ದಲ್ಲೇ ಇರುತ್ತವೆ. ಹಾಗಾಗಿ ಮೊದಲು ಒಂದು ವಾರ ಗೋಡೆ ಗಡಿಯಾರ ನೋಡಿ ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದಿಡಿ. ಎಲ್ಲಿ ಸಮಯ ಹೋಗುತ್ತಿದೆಯೋ ಅಲ್ಲಿ ದುಡ್ಡು ಹಾಕಬೇಕು. ನಾನು ನೋಡಿದ ಮನೆಗಳಲ್ಲಿ ಹೊತ್ತು ನುಂಗುವುದು ಹೆಚ್ಚಾಗಿ ಕತ್ತರಿಸುವ ಕೆಲಸ ಮತ್ತು ಮೇಲಿನ ಪಟ್ಟಿಯ ಕುಸುರಿ. ಅಟ್ಟೆ ಹೊಲಿಗೆ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಯಾಕೆಂದರೆ ಅದು ಬೆರಳಿಗೆ ನೋವು ಕೊಡುವ ಕೆಲಸ.

ಈಗ ಗಟ್ಟಿತನದ ಮಾತು. ಇಲ್ಲಿ ಎರಡೂ ಕಡೆಯವರು ಅರ್ಧ ಅರ್ಧ ಸರಿ ಹೇಳುತ್ತಾರೆ.

‘ಕೈಹೊಲಿಗೆ ಅಂದರೆ ಗಟ್ಟಿ’ ಅನ್ನುವುದು ಬರೀ ನಂಬಿಕೆ. ಕೈಯಿಂದ ಹಾಕುವ ಹೊಲಿಗೆಯಲ್ಲೇ ಹಲವು ಬಗೆ ಇವೆ. ಒಂದು, ಸ್ಯಾಡಲ್ ಸ್ಟಿಚ್. ಒಂದೇ ನೂಲು, ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ದಾಟುತ್ತವೆ. ಒಂದು ಎಳೆ ಸವೆದು ಹರಿದರೂ ಅದೇ ತೂತಿನಲ್ಲಿ ಇನ್ನೊಂದು ಎಳೆ ಹಿಡಿದಿರುತ್ತದೆ. ಕುದುರೆ ಜೀನು ಹೊಲಿಯುವವರಿಂದ ಬಂದ ಹೆಸರು ಅದು. ಇದು ನಿಜಕ್ಕೂ ಗಟ್ಟಿ.

ಇನ್ನೊಂದು, ನಮ್ಮ ರಸ್ತೆ ಬದಿಯ ಮೋಚಿಗಳು ಹಾಕುವ ಹೊಲಿಗೆ. ಅವರ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ತುದಿಯಲ್ಲಿ ಕೊಕ್ಕೆ ಇರುವ ಆರಿಯನ್ನು ಮೇಲಿಂದ ಚುಚ್ಚುತ್ತಾರೆ. ಅಡಿಯಲ್ಲಿ ಎಡಗೈ ನೂಲನ್ನು ಕೊಕ್ಕೆಗೆ ಸಿಕ್ಕಿಸುತ್ತದೆ. ಆರಿ ಮೇಲೆ ಬಂದಾಗ ನೂಲಿನ ಒಂದು ಕುಣಿಕೆ ಜೊತೆಗೆ ಬರುತ್ತದೆ. ಆ ಕುಣಿಕೆಯೊಳಗೆ ಇನ್ನೊಂದು ತುದಿಯನ್ನು ತೂರಿಸಿ ಎರಡೂ ಕಡೆ ಎಳೆಯುತ್ತಾರೆ. ಮಷೀನು ಹಾಕುವ ಲಾಕ್ ಸ್ಟಿಚ್ಚಿನ ಕಟ್ಟೂ ಇದೇ! ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ, ನಡುವೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಕೈಯಿಂದ ಮಾಡಿದ್ದು ಅಷ್ಟೇ ವ್ಯತ್ಯಾಸ. ‘ಹ್ಯಾಂಡ್ ಸ್ಟಿಚ್’ ಎಂದು ಚೀಟಿ ಅಂಟಿಸಿ ಮಾರುವ ಎಷ್ಟೋ ಬ್ಯಾಗುಗಳಲ್ಲಿ ಇರುವುದು ಇದೇ. ಮೋಸ ಅಂತ ಹೇಳುತ್ತಿಲ್ಲ. ಆದರೆ ಸ್ಯಾಡಲ್ ಸ್ಟಿಚ್ಚಿನ ಗುಣವನ್ನು ಇದಕ್ಕೆ ಹಚ್ಚಿ ಹೇಳುವುದು ತಪ್ಪು.

ಮೂರನೆಯದು ನಿಮ್ಮ ಅವ್ವ ಹಾಕುವ ಬಾರಿನ ಹೊಲಿಗೆ. ಇದರ ಲೆಕ್ಕವೇ ಬೇರೆ. ಬಾರಿನ ತುದಿಯನ್ನು ಓರೆಯಾಗಿ ಸವರಿ ಚೂಪು ಮಾಡಿ, ಒದ್ದೆ ಇರುವಾಗಲೇ ಒದ್ದೆ ಅಟ್ಟೆಯ ಸೀಳಿನಲ್ಲಿ ತೂರಿಸಿ ಎಳೆಯುತ್ತಾರೆ. ಒಣಗುತ್ತಾ ಬಾರು ಕುಗ್ಗಿ ಬಿಗಿಯುತ್ತದೆ, ಅಟ್ಟೆಯ ಸೀಳೂ ಅದನ್ನು ಕಚ್ಚಿ ಹಿಡಿಯುತ್ತದೆ. ಮೇಲೆ ಕುಟ್ಟಿದಾಗ ಎರಡೂ ಒಂದೇ ಮೈ ಆಗುತ್ತವೆ. ಮೊಳೆ ಬೇಡ, ಅಂಟು ಬೇಡ. ಚರ್ಮದೊಳಗೆ ಚರ್ಮವೇ ಇರುವುದರಿಂದ ನೂಲು ಚರ್ಮವನ್ನು ಕೊಯ್ಯುವ ತೊಂದರೆಯೂ ಇಲ್ಲ. ಒಳ್ಳೆಯ ಚರ್ಮ ಸಿಕ್ಕಿದರೆ ಇದಕ್ಕೆ ಸಾಟಿ ಇಲ್ಲ ಅಂತ ನಾನೂ ಹೇಳುತ್ತೇನೆ. ‘ಒಳ್ಳೆಯ ಚರ್ಮ ಸಿಕ್ಕಿದರೆ’ ಅನ್ನುವ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ‘ಮಷೀನ್ ಹೊಲಿಗೆ ಒಂದು ಕಡೆ ಕಿತ್ತರೆ ಸರ್ರಂತ ಪೂರ್ತಿ ಬಿಚ್ಚುತ್ತೆ’ ಅನ್ನುವ ಮಾತು. ಇದು ಮಷೀನಿನ ಜಾತಿ ಮೇಲೆ ಹೋಗುತ್ತದೆ. ಒಂದೇ ನೂಲಿನ ಚೈನ್ ಸ್ಟಿಚ್ ಹಾಕುವ ಮಷೀನಿದ್ದರೆ ಮಾತು ನಿಜ. ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲಿ ಪೇಟೆಂಟ್ ಪಡೆದ ಅಟ್ಟೆ ಹೊಲಿಯುವ ಮಷೀನಿನ ವಂಶದವು ಹಲವು ಇಂದೂ ಚೈನ್ ಸ್ಟಿಚ್ಚನ್ನೇ ಹಾಕುತ್ತವೆ. ಅದರ ಕೊನೆ ಬಿಟ್ಟರೆ ಎಳೆದ ಹಾಗೆ ಬಿಚ್ಚಿಕೊಳ್ಳುತ್ತದೆ. ಎರಡು ನೂಲಿನ ಲಾಕ್ ಸ್ಟಿಚ್ ಹಾಗಲ್ಲ. ಎರಡು ನೂಲು ಸುತ್ತಿಕೊಳ್ಳುವ ಗಂಟು ಚರ್ಮದ ನಡುವೆ ಹೂತಿದ್ದರೆ, ಒಂದು ಕಡೆ ಹರಿದರೂ ಅಕ್ಕಪಕ್ಕದ ಹೊಲಿಗೆಗಳು ಸುಮಾರು ಹೊತ್ತು ತಡೆಯುತ್ತವೆ. ಗಂಟು ಮೇಲೆ ಅಥವಾ ಅಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿದ್ದರೆ ನೂಲಿನ ಬಿಗಿ ಸರಿಯಿಲ್ಲ ಅಂತ ಅರ್ಥ. ಅಂಥ ಹೊಲಿಗೆ ಬೇಗ ಹೋಗುತ್ತದೆ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ನಿಮ್ಮದೇ ಚರ್ಮದ ಎರಡೆರಡು ತುಂಡು ಜೋಡಿಸಿ ಗೇಣುದ್ದ ಹೊಲಿಯಿರಿ. ಒಂದಕ್ಕೆ ಸ್ಯಾಡಲ್ ಸ್ಟಿಚ್, ಒಂದಕ್ಕೆ ಆರಿ ಹೊಲಿಗೆ, ಒಂದಕ್ಕೆ ಪೇಟೆಯಲ್ಲಿ ಮಷೀನ್ ಹೊಲಿಗೆ ಹಾಕಿಸಿ. ಮೂರರಲ್ಲೂ ನಟ್ಟನಡುವೆ ಒಂದು ಹೊಲಿಗೆಯನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುಂಡನ್ನು ಎರಡು ಕೈಯಲ್ಲಿ ಹಿಡಿದು ಬಿಡಿಸಲು ನೋಡಿ. ಎಲ್ಲಿಯವರೆಗೆ ಬಾಯಿ ಬಿಡುತ್ತದೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ಅಪ್ಪನ ಎದುರಿಗೇ ಮಾಡಿ. ವಾದ ಅರ್ಧ ಅಲ್ಲೇ ಮುಗಿಯುತ್ತದೆ.

ಹಾಗಿದ್ದರೆ ಮಳೆಗಾಲದಲ್ಲಿ ನಿಮ್ಮ ಚಪ್ಪಲಿ ಯಾಕೆ ಬಿಚ್ಚಿತು? ನನ್ನ ಅನುಮಾನ ಹೊಲಿಗೆ ಮೇಲೆ ಅಲ್ಲ, ಚರ್ಮದ ಮೇಲೆ.

ವಾಪಸ್ ಬಂದ ಒಂದು ಚಪ್ಪಲಿಯ ಅಟ್ಟೆಯನ್ನು ಹರಿತ ಕತ್ತಿಯಿಂದ ಅಡ್ಡ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಒಂದು ಮೈಯಿಂದ ಇನ್ನೊಂದು ಮೈವರೆಗೆ ಒಂದೇ ಕಂದು ಬಣ್ಣ ಇದೆಯಾ? ಅಥವಾ ನಡುವೆ ಬೆಳ್ಳಗೆ, ಮಾಸಲಾಗಿ ಒಂದು ಗೆರೆ ಇದೆಯಾ? ಗೆರೆ ಇದ್ದರೆ ಅಲ್ಲಿ ಹದ ಮಾಡುವ ರಸ ಇಳಿದಿಲ್ಲ. ಅದು ಇನ್ನೂ ಹಸಿ ತೊಗಲು. ನೀರು ತಾಗಿದರೆ ಉಬ್ಬುತ್ತದೆ, ಒಣಗಿದರೆ ಮರಗಟ್ಟಿ ಕುಗ್ಗುತ್ತದೆ, ಒದ್ದೆಯಲ್ಲೇ ಇದ್ದರೆ ಕೊಳೆಯುತ್ತದೆ. ಪ್ರತಿ ಸಲ ಹೀಗಾದಾಗ ಹೊಲಿಗೆಯ ಸೀಳು ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತದೆ. ಕೊನೆಗೆ ಬಾರು ಸಡಿಲ. ಗಿರಾಕಿ ನೋಡುವುದು ಬಿಚ್ಚಿದ ಹೊಲಿಗೆಯನ್ನು, ಬೈಯುವುದು ಹೊಲಿದವರನ್ನು.

ಕೊಲ್ಹಾಪುರಿಗೆ ಬೇಕಾದ ಚರ್ಮ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದಗೊಳ್ಳುವಂಥದ್ದು. ತೊಗಲನ್ನೇ ಚೀಲ ಹೊಲಿದು, ನೇತುಹಾಕಿ, ಒಳಗೆ ತೊಗಟೆ ನೀರು ತುಂಬಿ ಇಳಿಬಿಡುವ ಹಳೆ ಪದ್ಧತಿ ನಿಮ್ಮ ಕಡೆ ಅಪ್ಪನ ಕಾಲದವರಿಗೆ ಚೆನ್ನಾಗಿ ಗೊತ್ತು. ಸುಣ್ಣ ಕೊಡುವುದರಿಂದ ಹಿಡಿದು ಹದ ಮುಗಿಯುವವರೆಗೆ ತಿಂಗಳ ಮೇಲೇ ಹಿಡಿಯುವ ಕೆಲಸ ಅದು. ಬೇಡಿಕೆ ಜಾಸ್ತಿಯಾದಾಗ ಮೊದಲು ಕತ್ತರಿ ಬೀಳುವುದು ಈ ದಿನಗಳಿಗೇ. ಎಮ್ಮೆ, ಕೋಣದ ದಪ್ಪ ತೊಗಲಿನಲ್ಲಿ ಹೊರಮೈ ಬೇಗ ಬಣ್ಣ ಹಿಡಿಯುತ್ತದೆ, ನಡುವೆ ಇಳಿಯಲು ಹೊತ್ತು ಬೇಕು. ಅವಸರದ ಚರ್ಮ ಹೊರಗಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ನೀವು ಚರ್ಮ ಕೊಳ್ಳುವವರಾದರೆ ಒಂದು ಮೂಲೆ ಕತ್ತರಿಸಿ ನೋಡದೆ ದುಡ್ಡು ಕೊಡಬೇಡಿ.

ಬಾರನ್ನೂ ನೋಡಿ. ಬೆನ್ನಿನ ಭಾಗದಿಂದ ಕೊಯ್ದ ಬಾರು ಎಳೆದರೆ ಜಗ್ಗುವುದಿಲ್ಲ. ಹೊಟ್ಟೆ ಭಾಗದ್ದು ಹಿಗ್ಗುತ್ತದೆ, ನೆನೆದರೆ ಇನ್ನೂ ಹಿಗ್ಗುತ್ತದೆ. ತುಂಡು ದಂಡ ಮಾಡಬಾರದು ಅಂತ ಹೊಟ್ಟೆ ಚರ್ಮದಲ್ಲಿ ಬಾರು ಕೊಯ್ಯುವುದು ಎಲ್ಲ ಕಡೆ ಇದೆ. ಅದನ್ನು ವೇಣಿಗೋ ಅಲಂಕಾರಕ್ಕೋ ಬಳಸಿ, ಅಟ್ಟೆಗೆ ಬೇಡ. ಬಾರು ಅಟ್ಟೆಯ ಅಡಿಮೈಯಲ್ಲಿ ಉಬ್ಬಿ ನಿಂತಿದ್ದರೆ ಡಾಂಬರು ರಸ್ತೆ, ಕಾಂಕ್ರೀಟು ಅದನ್ನು ಮೊದಲು ತಿನ್ನುತ್ತವೆ. ಹಿಂದೆ ಮಣ್ಣಿನ ದಾರಿಯಲ್ಲಿ ಇದು ಅಷ್ಟು ಕಾಡುತ್ತಿರಲಿಲ್ಲ. ಹೊಲಿಗೆ ಬರುವ ಜಾಗದಲ್ಲಿ ಒಂದೂವರೆ ಮಿಲಿಮೀಟರ್ ಆಳದ ಕಾಲುವೆ ಕೊರೆದು ಬಾರು ಅದರೊಳಗೆ ಕೂರುವಂತೆ ಮಾಡಿದರೆ ಬಾಳಿಕೆ ಚೆನ್ನಾಗಿ ಹೆಚ್ಚುತ್ತದೆ. ಖರ್ಚಿಲ್ಲದ ಉಪಾಯ. ಮತ್ತೆ, ಕೊಲ್ಹಾಪುರಿ ಮಳೆಗಾಲದ ಚಪ್ಪಲಿ ಅಲ್ಲ ಅಂತ ಗಿರಾಕಿಗೆ ಬಾಯಿ ಬಿಟ್ಟು ಹೇಳಿ. ನೆನೆದರೆ ನೆರಳಿನಲ್ಲಿ ಒಣಗಿಸಿ ಎಣ್ಣೆ ಸವರಬೇಕು ಅಂತ ಒಂದು ಚೀಟಿ ಇಟ್ಟು ಕಳಿಸಿ. ಬಿಸಿಲಿಗಿಟ್ಟು ಒಣಗಿಸಿದ ಚಪ್ಪಲಿಯೇ ನನ್ನ ಹತ್ತಿರ ಹೆಚ್ಚು ಬರುವುದು.

ಇದೇ ಅರೆಹದದ ಅಟ್ಟೆಗೆ ಮಷೀನ್ ಹೊಲಿಗೆ ಹಾಕಿದರೆ ಏನಾಗುತ್ತದೆ? ಇನ್ನೂ ಬೇಗ ಹೋಗುತ್ತದೆ. ಸೂಜಿ ಮಾಡಿದ ತೂತು ಬಾರಿನ ಸೀಳಿನ ಹಾಗೆ ಮತ್ತೆ ಕಚ್ಚಿಕೊಳ್ಳುವುದಿಲ್ಲ. ಹೊಲಿಗೆ ಒತ್ತಾಗಿದ್ದಷ್ಟೂ ಗಟ್ಟಿ ಅಂತ ಬಟ್ಟೆ ಹೊಲಿಯುವವರು ಹೇಳುತ್ತಾರಲ್ಲ, ಚರ್ಮಕ್ಕೆ ಅದು ಉಲ್ಟಾ. ತೂತುಗಳು ಹತ್ತಿರ ಹತ್ತಿರ ಬಂದರೆ ಅಂಚೆ ಚೀಟಿಯ ಹಾಳೆಯ ಗತಿಯೇ, ಆ ಗೆರೆಯುದ್ದಕ್ಕೂ ಹರಿದು ಬರುತ್ತದೆ. ಅಟ್ಟೆಗೆ ಒಂದು ಹೊಲಿಗೆಗೂ ಇನ್ನೊಂದಕ್ಕೂ ಐದಾರು ಮಿಲಿಮೀಟರ್ ಇರಲೇಬೇಕು.

ಮಷೀನು ಬಂದರೆ ಅದರ ಹಿಂದೆ ಇನ್ನೂ ಕೆಲವು ಬದಲಾವಣೆ ಬರುತ್ತವೆ. ಇದನ್ನು ಮಾರುವವರು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಅಟ್ಟೆಯನ್ನು ಒದ್ದೆಯಾಗಿ ಹೊಲಿಯುತ್ತೀರಿ. ಮಷೀನಿಗೆ ಒದ್ದೆ ಚರ್ಮ ಆಗುವುದಿಲ್ಲ. ಸೂಜಿ, ಹಲ್ಲು ತುಕ್ಕು ಹಿಡಿಯುತ್ತವೆ. ಅದಕ್ಕಿಂತ ಮುಖ್ಯ, ತೊಗಟೆ ಹದದ ಒದ್ದೆ ಚರ್ಮಕ್ಕೆ ಕಬ್ಬಿಣ ತಾಗಿದರೆ ಮಸಿಗಪ್ಪು ಕಲೆ ಬೀಳುತ್ತದೆ. ಹಾಗಾಗಿ ಒಣ ಚರ್ಮ ಹೊಲಿಯಬೇಕು. ಒಣ ಪದರಗಳು ಜಾರದೆ ನಿಲ್ಲಬೇಕು ಅಂದರೆ ಮೊದಲೇ ಸಲ್ಯೂಷನ್ ಹಚ್ಚಿ ಅಂಟಿಸಬೇಕು. ಅಂಟು ಬಂತು ಅಂದರೆ ಅದರ ವಾಸನೆಯೂ ಮನೆಯೊಳಗೆ ಬಂತು. ಕಿಟಕಿ ಇಲ್ಲದ ಕೋಣೆಯಲ್ಲಿ ದಿನವಿಡೀ ಅದನ್ನು ಉಸಿರಾಡುವುದು ತಲೆನೋವಿಗೆ ನಿಲ್ಲುವುದಿಲ್ಲ, ನರಗಳಿಗೂ ಒಳ್ಳೆಯದಲ್ಲ. ಒಲೆ ಹತ್ತಿರ ಇದ್ದರೆ ಬೆಂಕಿಯ ಭಯ. ಅಂಟಿಸಿದ ಅಟ್ಟೆಯನ್ನು ಮುಂದೆ ರಿಪೇರಿಗೆ ಬಿಚ್ಚಿದರೆ ಚರ್ಮದ ಮೈಯೂ ಕಿತ್ತು ಬರುತ್ತದೆ. ಬಾರಿನ ಹೊಲಿಗೆಯ ಚಪ್ಪಲಿಯನ್ನು ಬಿಚ್ಚಿ, ಹೊಸ ಅಟ್ಟೆ ಹಾಕಿ ಮತ್ತೆ ಹೊಲಿಯಬಹುದು. ಆ ಗುಣ ಹೋಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಕೆಲಸಕ್ಕೆ ಕೂತಾಗ ದೊಡ್ಡದಾಗುತ್ತದೆ. ಕೊಲ್ಹಾಪುರಿಯ ಪಕ್ಕದ ಕಿವಿಗಳು (ಮೇಲಿನ ಪಟ್ಟಿಯನ್ನು ಹಿಡಿಯುವ ತುಂಡುಗಳು) ಎರಡು ಅಟ್ಟೆಗಳ ನಡುವಿನಿಂದ ಎದ್ದು ಬರುತ್ತವೆ. ಮಷೀನಿನ ಒತ್ತುಪಾದ ಅಂಚಿನ ಮೇಲೆ ಓಡುತ್ತಾ ಬಂದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಿವಿಯನ್ನು ಬಗ್ಗಿಸಿ ಹಿಡಿದು ಹೊಲಿಯಬೇಕು, ಇಲ್ಲವೇ ಅಲ್ಲಿ ಬಿಟ್ಟು ಆಮೇಲೆ ಕೈಯಿಂದ ಹಾಕಬೇಕು. ಹಿಮ್ಮಡಿಯಲ್ಲಿ ದಪ್ಪ ಏಕಾಏಕಿ ಹೆಚ್ಚುವುದರಿಂದ ಅಲ್ಲೂ ಹೊಲಿಗೆ ಜಿಗಿಯುತ್ತದೆ. ಬಹಳ ಕಡೆ ಮಷೀನ್ ಚಪ್ಪಲಿಗಳು ಮೊದಲು ಬಾಯಿ ಬಿಡುವುದು ಇವೆರಡೇ ಜಾಗದಲ್ಲಿ.

ಹೆಸರಿನ ಪ್ರಶ್ನೆಗೆ ಬರೋಣ. ಕೊಲ್ಹಾಪುರಿ ಚಪ್ಪಲಿಯ ಜಿಐ ಎರಡು ರಾಜ್ಯಗಳಿಗೆ ಸೇರಿದ್ದು. ಮಹಾರಾಷ್ಟ್ರದಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಅಥಣಿಯವರಾದ ನೀವು ಜಾಗದ ಲೆಕ್ಕದಲ್ಲಿ ಒಳಗಿದ್ದೀರಿ. ನಮ್ಮ ಕಡೆಯಿಂದ ಇದನ್ನು ನೋಡಿಕೊಳ್ಳುವುದು ಸರ್ಕಾರದ ಚರ್ಮ ಕೈಗಾರಿಕೆ ನಿಗಮ ಲಿಡ್ಕರ್, ಆ ಕಡೆ ಅಂಥದ್ದೇ ಲಿಡ್‌ಕಾಮ್. ಆದರೆ ಊರು ಒಳಗಿದ್ದರೆ ಸಾಲದು. ಜಿಐ ಕಾಯ್ದೆಯಲ್ಲಿ ತಯಾರಕರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಬೇಕು. ಅದರ ಅವಧಿ 10 ವರ್ಷ, ಮತ್ತೆ ನವೀಕರಿಸಬಹುದು. ನಿಮ್ಮಪ್ಪ ಮಾಡಿಸಿದ್ದಾರಾ ಕೇಳಿ. ಇಲ್ಲದಿದ್ದರೆ ಮಷೀನಿನ ಮಾತಿಗಿಂತ ಮೊದಲು ಲಿಡ್ಕರ್ ಕಚೇರಿಗೆ ಹೋಗಿ ಅದನ್ನು ಮಾಡಿಸಿ.

ಜಿಐ ಅಂದರೆ ಊರಿನ ಹೆಸರು ಮಾತ್ರ ಅಲ್ಲ, ಮಾಡುವ ವಿಧಾನವೂ ಸೇರಿದ ಹೆಸರು. ತೊಗಟೆ ಹದದ ಚರ್ಮ, ಕೈಕೆಲಸ ಇವೇ ಅದರ ಜೀವ. ಹಾಗಾಗಿ ಅಂಟಿಸಿ ಮಷೀನಿನಲ್ಲಿ ಅಟ್ಟೆ ಹೊಲಿದ ಚಪ್ಪಲಿಗೆ ಆ ಗುರುತು ಹಾಕಬೇಡಿ ಅಂತಲೇ ನನ್ನ ಸಲಹೆ. ಅಪ್ಪ ಹೇಳಿದ್ದು ಈ ಮಟ್ಟಿಗೆ ಪೂರ್ತಿ ಸರಿ. ಮಷೀನ್ ಚಪ್ಪಲಿಗೆ ಆ ಗುರುತು ಹಾಕುವುದು ವ್ಯಾಪಾರದ ಕಣ್ಣಿನಿಂದಲೂ ಪೆದ್ದುತನ. 2025ರ ಜೂನ್‌ನಲ್ಲಿ ಮಿಲಾನಿನ ಫ್ಯಾಷನ್ ಶೋದಲ್ಲಿ ಇಟಲಿಯ ಪ್ರಾಡಾ ಕಂಪನಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿ ಮೂಲದ ಹೆಸರೇ ಹೇಳಲಿಲ್ಲ ಅಂತ ದೊಡ್ಡ ಗದ್ದಲ ಆಯಿತಲ್ಲ, ಆಗ ಜಗತ್ತು ತಿರುಗಿ ನೋಡಿದ್ದು ಇಲ್ಲಿನ ಕೈಕೆಲಸವನ್ನು. ಮಷೀನಿನಲ್ಲಿ ಹೊಲಿದು ಅಂಟಿಸಿದ ಅಗ್ಗದ ಚಪ್ಪಲಿ ಯಾವ ಊರಿನಲ್ಲಾದರೂ ಮಾಡಬಹುದು, ಮಾಡುತ್ತಲೂ ಇದ್ದಾರೆ. ಆ ರೇಟಿಗೆ ಇಳಿದು ಅವರ ಜೊತೆ ಪೈಪೋಟಿ ಮಾಡಿ ನೀವು ಗೆಲ್ಲುವುದಿಲ್ಲ.

ಹಾಗಾದರೆ ಇನ್ನೂರು ಜೋಡಿ? ನನಗೆ ಕಾಣುವ ದಾರಿ ಹೀಗಿದೆ. ಹೊಲಿಗೆ ಕೈಯಲ್ಲೇ ಇರಲಿ, ಹೊಲಿಗೆಗೆ ಮುಂಚಿನ ಶ್ರಮ ಇಳಿಸಿ. ಅಟ್ಟೆ ಕತ್ತರಿಸಲು ಅಳತೆಗೊಂದು ಡೈ (ಕತ್ತರಿಸುವ ಅಚ್ಚು) ಮಾಡಿಸಿ ಪ್ರೆಸ್ಸಿನಲ್ಲಿ ಒತ್ತಿಸಬಹುದು. ಪ್ರೆಸ್ಸು ನೀವೇ ಕೊಳ್ಳಬೇಕಿಲ್ಲ, ನಾಲ್ಕಾರು ಮನೆ ಸೇರಿ ಇಟ್ಟುಕೊಂಡರೂ ಸಾಕು. ಹೊಲಿಗೆಯ ಸೀಳುಗಳನ್ನು ಒಂದೊಂದಾಗಿ ಆರಿಯಿಂದ ಚುಚ್ಚುವ ಬದಲು ಹಲ್ಲುಗಳಿರುವ ಉಳಿಯಿಂದ ಮೊದಲೇ ಸಾಲಾಗಿ ಹೊಡೆದುಕೊಳ್ಳಬಹುದು. ಅವ್ವನ ಕೆಲಸದಲ್ಲಿ ಹೆಬ್ಬೆರಳು ಮುರಿಯುವುದು ಚುಚ್ಚುವಾಗ, ಎಳೆಯುವಾಗ ಅಲ್ಲ. ಬಾರು ಹಾಕುವುದು ಆಗಲೂ ಕೈಯಿಂದಲೇ. ಅಟ್ಟೆಯನ್ನು ಕಾಲಿನ ನಡುವೆ ಇರುಕಿಕೊಂಡು ಬಗ್ಗಿ ಹೊಲಿಯುವ ಬದಲು ಮರದ ಎರಡು ಹಲಗೆಯ ಇಕ್ಕಳ ಮಾಡಿಸಿ ಎದೆ ಎತ್ತರಕ್ಕೆ ಇಟ್ಟುಕೊಟ್ಟರೆ ಬೆನ್ನು, ಕಣ್ಣು ಎರಡೂ ಉಳಿಯುತ್ತವೆ. ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುವ ವಸ್ತು.

ಇಷ್ಟೆಲ್ಲ ಮಾಡಿದರೂ ಒಂದೇ ಮನೆಯಿಂದ ಇನ್ನೂರು ಬರುವುದಿಲ್ಲ. ಅದು ಮೂರು ನಾಲ್ಕು ಮನೆಯ ಕೆಲಸ. ಅಕ್ಕಪಕ್ಕದವರನ್ನು ಸೇರಿಸಿಕೊಳ್ಳಿ, ಅಳತೆ ಮತ್ತು ಚರ್ಮ ಒಂದೇ ಇರಲಿ. ಅಂಗಡಿಯವರಿಗೆ ಮೊದಲ ಮೂರು ತಿಂಗಳು ತಿಂಗಳಿಗೆ 80 ಜೋಡಿ, ಆಮೇಲೆ ನೋಡೋಣ ಅಂತ ಹೇಳಿ. ಕೈಹೊಲಿಗೆಯ ಮಾಲು ಬೇಕೆಂದು ಬಂದವರು ಇದನ್ನು ಒಪ್ಪುತ್ತಾರೆ. ಒಪ್ಪದಿದ್ದರೆ ಅವರಿಗೆ ಬೇಕಾಗಿರುವುದು ನಿಮ್ಮ ಮಾಲಲ್ಲ ಅಂತ ತಿಳಿಯಿರಿ. ಅಪಾಯ ಇಲ್ಲ ಅಂತಲ್ಲ. ನಾಲ್ಕು ಕೈಯ ಕೆಲಸ ನಾಲ್ಕು ಥರ ಬರುತ್ತದೆ. ವಾಪಸ್ ಬಂದ ಜೋಡಿ ಯಾರ ಲೆಕ್ಕಕ್ಕೆ ಅಂತ ಜಗಳ ಆಗುತ್ತದೆ. ಅಟ್ಟೆಯ ಒಳಮೈಯಲ್ಲಿ ಮನೆಗೊಂದು ಗುರುತು ಒತ್ತುವ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ.

ಮಷೀನ್ ಚಪ್ಪಲಿಯನ್ನೂ ಮಾಡುವ ಆಸೆ ಇದ್ದರೆ ಮಾಡಿ, ತಪ್ಪೇನಿಲ್ಲ. ಬೇರೆ ಹೆಸರು, ಬೇರೆ ಬೆಲೆ, ‘ಮಷೀನ್ ಹೊಲಿಗೆ’ ಎಂದು ಸ್ಪಷ್ಟ ಚೀಟಿ. ಎರಡನ್ನೂ ಒಂದೇ ರಾಶಿಗೆ ಹಾಕಿದ ದಿನ ಕೈಹೊಲಿಗೆಯ ಬೆಲೆ ಬೀಳುತ್ತದೆ.

ಬೆಲ್ಟು, ಪರ್ಸು, ಬ್ಯಾಗಿನ ವಿಷಯಕ್ಕೆ ಬಂದರೆ ನಾನು ನಿಮ್ಮ ಪಕ್ಷ. ಇಲ್ಲಿ ಮಷೀನ್ ಬೇಕು. ಆದರೆ ಎಲ್ಲ ಕಡೆ ಅಲ್ಲ. ಇಡೀ ಬ್ಯಾಗಿಗೆ ಒಂದೇ ತೀರ್ಮಾನ ಮಾಡಬೇಡಿ, ಒಂದೊಂದು ಕೂಡುವ ಜಾಗವನ್ನೂ ನೋಡಿ. ಇಲ್ಲಿ ಎಳೆತ ಎಷ್ಟು ಬೀಳುತ್ತದೆ? ಕಿತ್ತರೆ ಮತ್ತೆ ಹೊಲಿಯಲು ಕೈ ಹೋಗುತ್ತದೆಯಾ? ಈ ಎರಡು ಪ್ರಶ್ನೆ ಸಾಕು.

ಬ್ಯಾಗಿನ ಜಿಪ್ಪು, ಒಳಗಿನ ಅಸ್ತರು, ಪಕ್ಕದ ಉದ್ದನೆ ಹೊಲಿಗೆ ಮಷೀನಿನಲ್ಲೇ ಆಗಲಿ. ಕೈಯಿಂದ ಮಾಡಿದರೆ ಕೂಲಿ ಹುಟ್ಟುವುದಿಲ್ಲ, ಲಾಭವೂ ಇಲ್ಲ. ಹಿಡಿ ಬಂದು ಕೂಡುವ ನಾಲ್ಕು ಜಾಗ, ಹೆಗಲ ಪಟ್ಟಿಯ ರಿಂಗು, ಬಾಯಿಯ ಎರಡು ಮೂಲೆ, ಇಲ್ಲಿ ಸ್ಯಾಡಲ್ ಸ್ಟಿಚ್ ಹಾಕಿ. ಬ್ಯಾಗು ಸಾಯುವುದು ಈ ಜಾಗಗಳಲ್ಲೇ. ಮಷೀನ್ ಹೊಲಿಗೆ ಮುಗಿಯುವಲ್ಲಿ ಟೈಲರುಗಳ ಹಾಗೆ ಹಿಂದೆ ಮುಂದೆ ನಾಲ್ಕು ಸಲ ಓಡಿಸಬೇಡಿ, ಚರ್ಮ ಅಲ್ಲೇ ತುಂಡಾಗುತ್ತದೆ. ಎರಡು ಮೂರು ಹೊಲಿಗೆ ಹಿಂದೆ ಬಂದು, ನೂಲನ್ನು ಅಡಿಗೆಳೆದು ಗಂಟು ಹಾಕಿ. ಪಾಲಿಯೆಸ್ಟರ್ ನೂಲಾದರೆ ತುದಿಯನ್ನು ಬೆಂಕಿಕಡ್ಡಿಯಲ್ಲಿ ಕರಗಿಸಿ ಒತ್ತಿದರೆ ಆಯಿತು.

ಬೆಲ್ಟಿನ ಒಂದು ಲೆಕ್ಕ ಕೇಳಿ. 110 ಸೆಂಟಿಮೀಟರ್ ಉದ್ದದ ಬೆಲ್ಟಿಗೆ ಎರಡೂ ಅಂಚಿನಲ್ಲಿ ಹೊಲಿಗೆ ಅಂದರೆ 220 ಸೆಂಟಿಮೀಟರ್. ನಾಲ್ಕು ಮಿಲಿಮೀಟರಿಗೊಂದು ತೂತು ಅಂದರೆ 550 ತೂತು. ಪಳಗಿದ ಕೈ ನಿಮಿಷಕ್ಕೆ ಐದಾರು ತೂತು ದಾಟಿಸುತ್ತದೆ. ಒಂದು ಬೆಲ್ಟಿಗೆ ಹೊಲಿಗೆಯೇ ಒಂದೂವರೆಯಿಂದ ಎರಡು ತಾಸು. ನೂಲು ಹೊಲಿಗೆಯ ಉದ್ದದ ನಾಲ್ಕು ಪಟ್ಟು, ಹತ್ತಿರ ಹತ್ತಿರ 9 ಮೀಟರ್. ಯಾವ ರೇಟಿಗೆ ಮಾರುತ್ತೀರಿ? ಅದಕ್ಕಿಂತ ಮೇಲು, ನಿಮ್ಮ ತೊಗಟೆ ಹದದ ಚರ್ಮದಲ್ಲಿ ಮೂರೂವರೆ, ನಾಲ್ಕು ಮಿಲಿಮೀಟರಿನ ಒಂದೇ ಪದರದ ಬೆಲ್ಟು ಮಾಡಿ. ಅದಕ್ಕೆ ಸುತ್ತಲೂ ಹೊಲಿಗೆಯೇ ಬೇಕಿಲ್ಲ. ಎರಡು ತೆಳು ಪದರ ಅಂಟಿಸಿ, ನಡುವೆ ರಟ್ಟು ತುಂಬುವವರಿಗೆ ಅದು ಬೇಕು. ನಿಮಗೆ ಬಕಲ್ ಹತ್ತಿರ ಮಾತ್ರ ಗಟ್ಟಿಯಾಗಿ ಕೈಹೊಲಿಗೆ ಹಾಕಿದರೆ ಮುಗಿಯಿತು. ಅವ್ವನಿಗೆ ಕಾಲು ತಾಸಿನ ಕೆಲಸ.

ಪರ್ಸಿಗೆ ಅಟ್ಟೆಯ ಚರ್ಮ ಆಗದು. ಒಂದು, ಒಂದೂವರೆ ಮಿಲಿಮೀಟರಿನ ತೆಳು ಚರ್ಮ ಬೇಕು. ಮೂರು ಮಿಲಿಮೀಟರ್ ಹೊಲಿಗೆ, ಮಷೀನಿನಲ್ಲಿ.

ನೂಲಿನ ವಿಷಯದಲ್ಲಿ ಕಂಜೂಸುತನ ಬೇಡ. ಹತ್ತಿ ನೂಲು ಬೆವರು, ತೇವಕ್ಕೆ ಕೊಳೆಯುತ್ತದೆ. ತೊಗಟೆ ಹದದ ಚರ್ಮದ ಹುಳಿಯೂ ಅದಕ್ಕೆ ಆಗಿಬರುವುದಿಲ್ಲ. ಕೈಹೊಲಿಗೆಗೆ ಜೇನುಮೇಣ ಉಜ್ಜಿದ ಅಗಸೆ ನಾರಿನ ನೂಲು ಅಥವಾ ಮೇಣದ ಪಾಲಿಯೆಸ್ಟರ್. ಬ್ಯಾಗಿಗೆ 0.6ರಿಂದ 0.8 ಮಿಲಿಮೀಟರ್, ಬೆಲ್ಟಿಗೆ 1 ಮಿಲಿಮೀಟರ್ ಸಾಕು. ಮಷೀನಿಗೆ ಬಾಂಡೆಡ್ ಪಾಲಿಯೆಸ್ಟರ್ ಅಥವಾ ನೈಲಾನ್ ಅಂತ ಕೇಳಿ ತಗೊಳ್ಳಿ.

ಮಷೀನು ಕೊಳ್ಳುವುದೇ ಆದರೆ, ನೀವು ಹೇಳಿದ ಅಟ್ಟೆ ಹೊಲಿಯುವ ಮಷೀನು ಬೇಡ. ಅದು ಆ ಒಂದು ಕೆಲಸಕ್ಕೆ ಮಾತ್ರ, ಆ ಕೆಲಸ ನೀವು ಮಷೀನಿನಲ್ಲಿ ಮಾಡಬಾರದು ಅಂತ ಇಷ್ಟು ಹೊತ್ತು ಹೇಳಿದ್ದೇನೆ. ಬ್ಯಾಗಿಗೆ ಬೇಕಾದದ್ದು ಒತ್ತುಪಾದ, ಸೂಜಿ, ಹಲ್ಲು ಮೂರೂ ಸೇರಿ ಚರ್ಮವನ್ನು ಮುಂದೆ ತಳ್ಳುವ ವಾಕಿಂಗ್ ಫುಟ್ ಮಷೀನು. ಮನೆಯ ಬಟ್ಟೆ ಮಷೀನಿನಲ್ಲಿ ಮೇಲಿನ ಪದರ ಹಿಂದೆ ಉಳಿದು ಕೆಳಗಿನದು ಮುಂದೆ ಹೋಗುತ್ತದೆ. ಕೊಳವೆಯಂಥ ತೋಳಿರುವುದು ಸಿಕ್ಕರೆ ಬ್ಯಾಗಿನ ಮೂಲೆಗಳಿಗೆ ಅನುಕೂಲ. ಮೋಟರು ಸರ್ವೋ ಇರಲಿ. ಹಳೆ ಕ್ಲಚ್ ಮೋಟರು ಪೆಡಲ್ ಮುಟ್ಟಿದ ಕೂಡಲೇ ಓಡುತ್ತದೆ, ಕಲಿಯುವವರ ಬೆರಳಿಗೆ ಅಪಾಯ. ಸರ್ವೋದಲ್ಲಿ ಒಂದೊಂದೇ ಹೊಲಿಗೆ ಹಾಕಬಹುದು, ಕರೆಂಟೂ ಕಮ್ಮಿ. ಸೂಜಿ ಚರ್ಮದ್ದೇ ಬೇಕು, ಅದರ ತುದಿ ಕತ್ತಿಯ ಹಾಗೆ ಕೊಯ್ಯುತ್ತದೆ. ಓರೆಯಾಗಿ ಕೊಯ್ಯುವ ತುದಿ ಕೇಳಿ. ಹೊಲಿಗೆಯ ಗೆರೆಯಲ್ಲೇ ಕೊಯ್ಯುವುದಾದರೆ ತೂತುಗಳು ಒಂದಕ್ಕೊಂದು ಕೂಡಿಕೊಳ್ಳುವ ಸಂಭವ ಜಾಸ್ತಿ.

ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹೊಲಿಗೆ ಅವ್ವನ ಕಸುಬು. ನಿಮ್ಮ ಕಡೆ ಹೆಚ್ಚಿನ ಮನೆಗಳಲ್ಲೂ ಹಾಗೇ. ಮಷೀನು ಬಂದಾಗ ಅದರ ಮುಂದೆ ಕೂರುವುದು ಸಾಮಾನ್ಯವಾಗಿ ಮಗನೋ ಅಳಿಯನೋ. ಹೆಂಗಸರಿಗೆ ದಾರ ಕತ್ತರಿಸುವ, ಅಂಟು ಹಚ್ಚುವ ಕೆಲಸ ಉಳಿಯುತ್ತದೆ, ಕೂಲಿಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಮಷೀನ್ ತರಬೇತಿಗೆ ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋಗಿ. ಹೊಲಿಗೆಯ ಬಿಗಿ ಎಷ್ಟಿರಬೇಕು ಅನ್ನುವುದು ಆಕೆಯ ಬೆರಳಿಗೆ ಆಗಲೇ ಗೊತ್ತು, ಮಷೀನ್ ಕಲಿಯುವಾಗ ಬಹಳ ಜನ ಎಡವುವುದೂ ಅಲ್ಲೇ.

ಮುಂಗಡ ಕೊಡುವ ಮುಂಚೆ ನಿಮ್ಮದೇ ಚರ್ಮದ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಅವರು ಇಟ್ಟುಕೊಂಡಿರುವ ಮೆತ್ತನೆಯ ರೆಕ್ಸಿನ್ ಮೇಲೆ ಹೊಲಿದು ತೋರಿಸಿದರೆ ಒಪ್ಪಬೇಡಿ. ಎರಡು ಪದರ, ಮೂರು ಪದರ, ಎರಡರಿಂದ ನಾಲ್ಕಕ್ಕೆ ಏರುವ ಜಾಗ, ಎಲ್ಲವನ್ನೂ ಹೊಲಿಸಿ. ಗಂಟು ಎಲ್ಲಿ ಕೂತಿದೆ ಅಂತ ಹೊಲಿಗೆ ಮೇಲೆ ಅಡ್ಡ ಕತ್ತರಿಸಿ ನೋಡಿ. ಶಟಲ್, ಸೂಜಿ ಅಥಣಿಯಲ್ಲೋ ಬೆಳಗಾವಿಯಲ್ಲೋ ಸಿಗುತ್ತವಾ, ಕೆಟ್ಟರೆ ಮೆಕ್ಯಾನಿಕ್ ಎಷ್ಟು ದಿನಕ್ಕೆ ಬರುತ್ತಾನೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಸಿಂಗಲ್ ಫೇಸಿನಲ್ಲಿ ಓಡುತ್ತದೆಯಾ ಅಂತಲೂ ಅಲ್ಲೇ ಕೇಳಿ, ನಿಮ್ಮೂರಿನಲ್ಲಿ ತ್ರೀ ಫೇಸ್ ಎಷ್ಟು ಹೊತ್ತು ಇರುತ್ತದೆ ಅನ್ನುವುದು ನಿಮಗೇ ಗೊತ್ತಲ್ಲ.